ಜೀವರಸಾಯನಶಾಸ್ತ್ರ ಓದುವ ಕ್ರಮ: ಹೆಸರಿಗಿಂತ ಮೊದಲು ಲೆಕ್ಕ

ಜೀವಕೋಶ ಗ್ಲೂಕೋಸನ್ನು ಪೈರುವೇಟ್ ಆಗಿ ಒಡೆಯುವ ದಾರಿಯಾದ ಗ್ಲೈಕೊಲಿಸಿಸ್‌ನ ಹತ್ತು ಹಂತಗಳನ್ನೂ ಹತ್ತು ಕಿಣ್ವಗಳನ್ನೂ ತಪ್ಪಿಲ್ಲದೆ ಬರೆದ ವಿದ್ಯಾರ್ಥಿನಿಯನ್ನು ಒಮ್ಮೆ ಕೇಳಿದೆ: 'ಪೈರುವೇಟ್‌ನಲ್ಲಿ ಎಷ್ಟು ಇಂಗಾಲ?' ಅವಳಿಗೆ ಗೊತ್ತಿರಲಿಲ್ಲ. ಉತ್ತರಪತ್ರಿಕೆಗಳನ್ನು ತಿದ್ದಿದ ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ. ಹೆಸರು ಬಾಯಿಪಾಠವಾಗಿರುತ್ತದೆ, ವಸ್ತು ಎಲ್ಲಿಂದ ಎಲ್ಲಿಗೆ ಹೋಯಿತೆಂಬ ಲೆಕ್ಕ ಇರುವುದಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆ ತುಸು ತಿರುಚಿ ಬಂದರೆ ಬಾಯಿಪಾಠ ಅಲ್ಲೇ ಕೈಕೊಡುತ್ತದೆ.

ಬಿ.ಎಸ್ಸಿ, ನರ್ಸಿಂಗ್, ಎಂಬಿಬಿಎಸ್ ಮೊದಲ ವರ್ಷದವರಿಗೆ, ಅದರಲ್ಲೂ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ, ಈ ಬರಹ. ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಮೂರನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಿದವರು ಸಾಮಾನ್ಯವಾಗಿ ಮತ್ತೆ ಮೂರನೆಯದಕ್ಕೇ ಮರಳುತ್ತಾರೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಗೆರೆಯಿಲ್ಲದ ದೊಡ್ಡ ಹಾಳೆಗಳು, ಮೂರು ಬಣ್ಣದ ಪೆನ್ನು, ನಾಲ್ಕು ಗ್ರಾಫ್ ಹಾಳೆ. ಆರು ಕಡಲೆಕಾಳು, ನಾಲ್ಕು ಕರಿಮೆಣಸು. ಒಂದು ಬಿಳಿ ಪಿಂಗಾಣಿ ತಟ್ಟೆ, ಔಷಧ ಅಂಗಡಿಯ ಟಿಂಕ್ಚರ್ ಅಯೋಡಿನ್, ಸ್ವಲ್ಪ ವಿನೆಗರ್. ಪಠ್ಯಪುಸ್ತಕ ಒಂದೇ ಸಾಕು. ಮೂರು ಪುಸ್ತಕಗಳನ್ನು ತೆರೆದಿಟ್ಟುಕೊಂಡವರ ತಲೆಯಲ್ಲಿ ಒಂದೇ ಕಿಣ್ವಕ್ಕೆ ಮೂರು ಹೆಸರು ಸೇರಿಕೊಳ್ಳುತ್ತದೆ.

## ಹಂತ 1: ಹೆಸರನ್ನು ಒಡೆದು ನೋಡಿ

ಮೊದಲ ಎರಡು ದಿನ ಯಾವ ಚಕ್ರವನ್ನೂ ಮುಟ್ಟಬೇಡಿ. ಕಿಣ್ವದ ಹೆಸರಿನ ಬಾಲವನ್ನು ಓದುವುದನ್ನು ಮಾತ್ರ ಕಲಿಯಿರಿ. ಕೈನೇಸ್ ಎಂದರೆ ಎಟಿಪಿಯ (ಜೀವಕೋಶದ ಶಕ್ತಿಯ ನಾಣ್ಯದಂಥ ಅಣು) ಫಾಸ್ಫೇಟನ್ನು ಬೇರೊಂದಕ್ಕೆ ದಾಟಿಸುವುದು, ಇಲ್ಲವೇ ಅದೇ ದಾರಿಯಲ್ಲಿ ಹಿಂದಕ್ಕೆ ತರುವುದು. ಫಾಸ್ಫಟೇಸ್ ನೀರು ಬಳಸಿ ಫಾಸ್ಫೇಟನ್ನು ಕಿತ್ತುಹಾಕುತ್ತದೆ. ಡಿಹೈಡ್ರೋಜಿನೇಸ್ ಎಲೆಕ್ಟ್ರಾನ್ ಕಸಿಯುತ್ತದೆ, ಆದ್ದರಿಂದ ಪಕ್ಕದಲ್ಲಿ ಅದನ್ನು ಹೊರಲು ಎನ್‌ಎಡಿ, ಎಫ್‌ಎಡಿಯಂಥ ಒಂದು ಅಣು ಇದ್ದೇ ಇರಬೇಕು. ಐಸೋಮರೇಸ್ ಪರಮಾಣುಗಳನ್ನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ, ಜೋಡಣೆಯನ್ನಷ್ಟೇ ಬದಲಿಸುತ್ತದೆ. ಮ್ಯೂಟೇಸ್ ಒಂದು ಗುಂಪನ್ನು ಅದೇ ಅಣುವಿನೊಳಗೆ ಜಾಗ ಬದಲಿಸಿ ಕೂರಿಸುತ್ತದೆ.

ಇಷ್ಟು ತಿಳಿದರೆ ಪೈರುವೇಟ್ ಕೈನೇಸ್ ಎಂಬ ಹೆಸರು ನೋಡಿದೊಡನೆ 'ಇಲ್ಲಿ ಎಟಿಪಿ ಇದೆ' ಎಂದು ಹೇಳಬಲ್ಲಿರಿ. ಈ ಪ್ರತಿಕ್ರಿಯೆ ಹೆಸರಿಗೆ ಉಲ್ಟಾ ದಿಕ್ಕಿನಲ್ಲಿ ನಡೆಯುತ್ತದೆ, ಪೈರುವೇಟ್ ಇಲ್ಲಿ ಉತ್ಪನ್ನ. ಗೊಂದಲ ಹುಟ್ಟುವುದು ಅಲ್ಲೇ, ಆದ್ದರಿಂದ ಆ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದಿಡಿ.

ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು ಕಲಿಯಿರಿ, ಪರೀಕ್ಷೆ ಕೇಳುವುದು ಅದನ್ನೇ. ಪ್ರತಿಕ್ರಿಯೆಯನ್ನು ಮಾತ್ರ ಕನ್ನಡದಲ್ಲಿ ಹೇಳಿಕೊಳ್ಳಿ. 'ಸಕ್ಕರೆಯ ಆರನೇ ಇಂಗಾಲಕ್ಕೆ ಎಟಿಪಿಯಿಂದ ಒಂದು ಫಾಸ್ಫೇಟ್ ಅಂಟಿತು' ಎಂದು ಹೇಳಲು ನಾಲಿಗೆ ತಡವರಿಸಿದರೆ ವಿಷಯ ಇನ್ನೂ ಒಳಗೆ ಇಳಿದಿಲ್ಲ.

## ಹಂತ 2: ಕಿಣ್ವವನ್ನು ಮೊದಲು ಬಟ್ಟಲಿನಲ್ಲಿ, ಆಮೇಲೆ ಗ್ರಾಫಿನಲ್ಲಿ

ಅನ್ನದ ಗಂಜಿಯ ತಿಳಿಯನ್ನು ಪೂರ್ತಿ ಆರಿಸಿ. ಬಿಸಿ ಗಂಜಿಗೆ ಎಂಜಲು ಬೆರೆಸಿದರೆ ಪ್ರಯೋಗ ಅಲ್ಲಿಗೇ ಮುಗಿಯಿತು, ಏಕೆಂದರೆ ಎಂಜಲಿನಲ್ಲಿರುವ, ಪಿಷ್ಟ ಒಡೆಯುವ ಕಿಣ್ವವೇ ಕೆಡುತ್ತದೆ. ಆರಿದ ತಿಳಿಗೆ ನಾಲ್ಕು ಪಟ್ಟು ನೀರು ಬೆರೆಸಿ ನಾಲ್ಕು ಬಟ್ಟಲಿಗೆ ಹಂಚಿ. ಮೊದಲನೆಯದಕ್ಕೆ ಬರೀ ನೀರು, ಎರಡನೆಯದಕ್ಕೆ ಎಂಜಲು, ಮೂರನೆಯದಕ್ಕೆ ಕುದಿಸಿ ಆರಿಸಿದ ಎಂಜಲು. ನಾಲ್ಕನೆಯದಕ್ಕೆ ಒಂದು ಚಮಚ ವಿನೆಗರ್ ಹಾಕಿ ಕಲಕಿ, ಆಮೇಲೆ ಎಂಜಲು ಸೇರಿಸಿ. ತಟ್ಟೆಯ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಟ್ಟುಕೊಂಡು ಎರಡೆರಡು ನಿಮಿಷಕ್ಕೊಮ್ಮೆ ಪ್ರತಿ ಬಟ್ಟಲಿನಿಂದ ಒಂದೊಂದು ಹನಿ ತೆಗೆದು ಅದರೊಡನೆ ಬೆರೆಸಿ. ಎರಡನೇ ಬಟ್ಟಲಿನ ಹನಿಗಳು ಕಡುನೀಲಿಯಿಂದ ಕೆಂಗಂದಿಗೆ ತಿರುಗಿ, ಕೊನೆಗೆ ಅಯೋಡಿನ್‌ನ ಸ್ವಂತ ಹಳದಿಯಷ್ಟೇ ಉಳಿಯುತ್ತದೆ. ಉಳಿದ ಮೂರರಲ್ಲಿ ನೀಲಿ ಹಾಗೇ ಇರುತ್ತದೆ.

ವಿನೆಗರ್ ಇಲ್ಲವೆಂದು ನಿಂಬೆರಸ ಹಿಂಡುವವರಿದ್ದಾರೆ. ಅದರ ವಿಟಮಿನ್ ಸಿ ಅಯೋಡಿನ್‌ನ ಬಣ್ಣವನ್ನೇ ತೆಗೆದುಬಿಡುತ್ತದೆ. ಪಿಷ್ಟ ಕರಗದಿದ್ದರೂ ನೀಲಿ ಕಾಣುವುದಿಲ್ಲ, ನೀವು 'ಆಮ್ಲದಲ್ಲಿ ಕಿಣ್ವ ಚೆನ್ನಾಗಿ ಕೆಲಸ ಮಾಡಿತು' ಎಂದು ಬರೆದಿಡುತ್ತೀರಿ.

ಇನ್ನು ಗ್ರಾಫ್. ಒಂದು ಕಿಣ್ವದ ಗರಿಷ್ಠ ವೇಗ, ಅಂದರೆ ವಿಮ್ಯಾಕ್ಸ್, 100 ಎಂದಿರಲಿ. ಕೆಎಂ, ಅಂದರೆ ಅದರ ಅರ್ಧ ವೇಗ ಮುಟ್ಟಲು ಬೇಕಾದ ಸಬ್‌ಸ್ಟ್ರೇಟ್ (ಕಿಣ್ವ ಕೆಲಸ ಮಾಡುವ ವಸ್ತು) ಪ್ರಮಾಣ, 2 ಮಿಲಿಮೋಲಾರ್. ವೇಗ = ವಿಮ್ಯಾಕ್ಸ್ × ಸಬ್‌ಸ್ಟ್ರೇಟ್ ÷ (ಕೆಎಂ + ಸಬ್‌ಸ್ಟ್ರೇಟ್). ಸಬ್‌ಸ್ಟ್ರೇಟ್ 2 ಇದ್ದಾಗ ವೇಗ 50, 6 ಇದ್ದಾಗ 75, 18 ಇದ್ದಾಗ 90, 38 ಇದ್ದಾಗ 95. ಈ ನಾಲ್ಕು ಚುಕ್ಕಿಗಳನ್ನು ಸ್ವಂತ ಕೈಯಿಂದ ಗುರುತಿಸಿ. 50ರಿಂದ 75ಕ್ಕೆ ಏರಲು ಸಬ್‌ಸ್ಟ್ರೇಟ್ ಮೂರು ಪಟ್ಟಾದರೆ ಸಾಕು. 90ರಿಂದ ಬರೀ ಐದು ಅಂಕ ಏರಲು ಎರಡು ಪಟ್ಟಿಗಿಂತ ಹೆಚ್ಚು ಬೇಕಾಯಿತು. ವಕ್ರರೇಖೆ ಏಕೆ ಬಾಗುತ್ತದೆ ಎಂಬುದು ಪೆನ್ಸಿಲ್ ಹಿಡಿದ ಬೆರಳಿಗೇ ತಿಳಿಯುತ್ತದೆ.

ಈಗ ಒಂದು ನಿಜವಾದ ಜೋಡಿ ನೋಡಿ, ಎರಡೂ ಗ್ಲೂಕೋಸಿಗೆ ಫಾಸ್ಫೇಟ್ ಅಂಟಿಸುವ ಕಿಣ್ವಗಳೇ. ಉಪವಾಸದ ರಕ್ತದ ಸಕ್ಕರೆ ಡೆಸಿಲೀಟರಿಗೆ 90 ಮಿಲಿಗ್ರಾಂ ಎಂದರೆ 5 ಮಿಲಿಮೋಲಾರ್ (ಗ್ಲೂಕೋಸಿನ ಅಣುತೂಕ 180, ಲೆಕ್ಕ ನೀವೇ ಮಾಡಿ). ಮಿದುಳಿನ ಹೆಕ್ಸೊಕೈನೇಸ್‌ನ ಕೆಎಂ ಸುಮಾರು 0.1ಕ್ಕಿಂತ ಹೆಚ್ಚಿಲ್ಲ, ಹಾಗಾಗಿ ಅದು ಆಗಲೇ ಪೂರ್ಣ ವೇಗದ ಹತ್ತಿರ ಓಡುತ್ತಿರುತ್ತದೆ. ಯಕೃತ್ತಿನ ಗ್ಲುಕೊಕೈನೇಸ್ ಅರ್ಧ ವೇಗ ಮುಟ್ಟಲು 10ರ ಆಸುಪಾಸು ಬೇಕು. ಊಟವಾಗಿ ಸಕ್ಕರೆ ಏರಿದಾಗ ಮಾತ್ರ ಅದಕ್ಕೆ ಚುರುಕು. ಮೊದಲು ಮಿದುಳಿಗೆ, ಮಿಕ್ಕಿದ್ದು ಯಕೃತ್ತಿನ ಉಗ್ರಾಣಕ್ಕೆ ಎಂಬ ಹಂಚಿಕೆ ಈ ಎರಡು ಅಂಕಿಗಳಲ್ಲೇ ಇದೆ. ಕೆಎಂ ಕಡಿಮೆಯಿದ್ದಷ್ಟೂ ಹಿಡಿತ ಬಿಗಿ. ಅರ್ಧ ತರಗತಿ ಇದನ್ನು ತಿರುಗುಮುರುಗಾಗಿ ಬರೆಯುತ್ತದೆ.

ಕಿಣ್ವವನ್ನು ತಡೆಯುವ ಪ್ರತಿಬಂಧಕಗಳಿಗೆ ಕಳ್ಳಭಟ್ಟಿಯ ದುರಂತ ನೆನಪಿರಲಿ. ಅದರಲ್ಲಿ ಬೆರೆತ ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೆಡಿಸುತ್ತದೆ. ಅದನ್ನು ಆ ದಾರಿಗೆ ತಳ್ಳುವ ಮೊದಲ ಕಿಣ್ವ ಆಲ್ಕೊಹಾಲ್ ಡಿಹೈಡ್ರೋಜಿನೇಸ್. ಆಸ್ಪತ್ರೆಯಲ್ಲಿ ಎಥನಾಲ್ ಕೊಟ್ಟರೆ ಅದು ಅದೇ ಕಿಣ್ವದ ಅದೇ ಜಾಗಕ್ಕೆ ಪೈಪೋಟಿ ನಡೆಸಿ ಮೆಥನಾಲನ್ನು ಹೊರಗೆ ಕಾಯಿಸುತ್ತದೆ. ಪೈಪೋಟಿಯಿದ್ದಲ್ಲಿ ಕೆಎಂ ಏರುತ್ತದೆ, ವಿಮ್ಯಾಕ್ಸ್ ಬದಲಾಗುವುದಿಲ್ಲ, ಏಕೆಂದರೆ ಸಬ್‌ಸ್ಟ್ರೇಟ್ ಸಾಕಷ್ಟು ಸುರಿದರೆ ಅದೇ ಗೆಲ್ಲುತ್ತದೆ. ಪೈಪೋಟಿಯಿಲ್ಲದ ಪ್ರತಿಬಂಧಕ ಬೇರೆ ಕಡೆ ಕುಳಿತು ಕಿಣ್ವವನ್ನೇ ನಿಷ್ಕ್ರಿಯಗೊಳಿಸುತ್ತದೆ. ಅಲ್ಲಿ ವಿಮ್ಯಾಕ್ಸ್ ಇಳಿಯುತ್ತದೆ, ಕೆಎಂ ಹಾಗೇ.

ಎಚ್ಚರಿಕೆಯ ಗುರುತು: 'ಕಿಣ್ವ ಸಮತೋಲನವನ್ನು ಉತ್ಪನ್ನದ ಕಡೆಗೆ ವಾಲಿಸುತ್ತದೆ' ಎಂದು ಬರೆದರೆ ನಿಲ್ಲಿಸಿ ಈ ಹಂತಕ್ಕೆ ಮರಳಿ. ಕಿಣ್ವ ಬೇಗ ತಲುಪಿಸುತ್ತದೆ, ತಲುಪುವ ಜಾಗವನ್ನು ಬದಲಿಸುವುದಿಲ್ಲ.

## ಹಂತ 3: ಆರು ಕಡಲೆ, ನಾಲ್ಕು ಮೆಣಸು

ಗ್ಲೈಕೊಲಿಸಿಸನ್ನು ಕಾಗದಕ್ಕಿಂತ ಮೊದಲು ಮೇಜಿನ ಮೇಲೆ ಮಾಡಿ. ಆರು ಕಡಲೆಕಾಳು ಸಾಲಾಗಿಡಿ. ಅದು ಗ್ಲೂಕೋಸ್, ಒಂದೊಂದು ಕಾಳು ಒಂದೊಂದು ಇಂಗಾಲ. ಮೆಣಸು ಫಾಸ್ಫೇಟ್. ಪಕ್ಕದ ಹಾಳೆಯಲ್ಲಿ ಅಂಗಡಿಯ ಖಾತೆಯಂತೆ ಜಮಾ, ಖರ್ಚು ಎಂದು ಎರಡು ಕಲಂ ಹಾಕಿ.

ಒಂದನೇ ಹೆಜ್ಜೆ: ಸಾಲಿನ ಒಂದು ತುದಿಗೆ ಒಂದು ಮೆಣಸು, ಖರ್ಚು ಒಂದು ಎಟಿಪಿ. ಎರಡು: ಐಸೋಮರೇಸ್, ಏನೂ ಕೂಡಲಿಲ್ಲ, ಕಳೆಯಲಿಲ್ಲ. ಮೂರು: ಇನ್ನೊಂದು ತುದಿಗೆ ಎರಡನೇ ಮೆಣಸು, ಖರ್ಚು ಇನ್ನೊಂದು ಎಟಿಪಿ. ನಾಲ್ಕು: ಸಾಲನ್ನು ನಡುವೆ ಮುರಿಯಿರಿ, ಮೂರು ಕಾಳಿನ ಎರಡು ತುಂಡು, ಪ್ರತಿಯೊಂದಕ್ಕೂ ಒಂದು ಮೆಣಸು. ಐದು: ಎರಡು ತುಂಡುಗಳೂ ಒಂದೇ ರೂಪಕ್ಕೆ ಬರುತ್ತವೆ. ಇಲ್ಲಿಂದ ಮುಂದೆ ಎಲ್ಲವೂ ಎರಡೆರಡು ಬಾರಿ ಎಂದು ಹಾಳೆಯ ಮೇಲೆ ದೊಡ್ಡದಾಗಿ ಬರೆಯಿರಿ. ಇದನ್ನು ಬರೆಯದವರ ಲೆಕ್ಕ ಕೊನೆಯಲ್ಲಿ ಅರ್ಧಕ್ಕೆ ನಿಲ್ಲುತ್ತದೆ.

ಆರನೇ ಹೆಜ್ಜೆಗೆ ನಿಧಾನವಾಗಿ ಬನ್ನಿ. ಪ್ರತಿ ತುಂಡಿಗೂ ಇನ್ನೊಂದು ಮೆಣಸು ಬರುತ್ತದೆ, ಆದರೆ ಈ ಬಾರಿ ಖರ್ಚಿನ ಕಲಂ ಮುಟ್ಟಬೇಡಿ. ಈ ಫಾಸ್ಫೇಟ್ ಎಟಿಪಿಯದಲ್ಲ, ಜೀವಕೋಶದ ದ್ರವದಲ್ಲಿ ಬಿಡಿಯಾಗಿದ್ದ ಅಜೈವಿಕ ಫಾಸ್ಫೇಟ್. ಜೊತೆಗೆ ಎರಡು ಎನ್‌ಎಡಿಎಚ್ (ಎಲೆಕ್ಟ್ರಾನ್ ಹೊತ್ತ ಎನ್‌ಎಡಿ) ಜಮಾ. ಏಳು: ತುಂಡಿಗೊಂದು ಮೆಣಸು ಎಡಿಪಿಗೆ (ಒಂದು ಫಾಸ್ಫೇಟ್ ಕಳೆದುಕೊಂಡ ಎಟಿಪಿ) ಹೋಗಿ ಎರಡು ಎಟಿಪಿ ಜಮಾ. ಎಂಟು: ಉಳಿದ ಮೆಣಸು ತುದಿಯ ಕಾಳಿನಿಂದ ನಡುವಿನ ಕಾಳಿಗೆ ಸರಿಯುತ್ತದೆ. ಒಂಬತ್ತು: ನೀರು ಹೊರಗೆ. ಹತ್ತು: ಕೊನೆಯ ಮೆಣಸುಗಳೂ ಹೊರಟು ಇನ್ನೆರಡು ಎಟಿಪಿ, ಉಳಿದದ್ದು ಮೂರು ಮೂರು ಕಾಳಿನ ಎರಡು ಪೈರುವೇಟ್.

ಖಾತೆ ಮುಗಿಸಿ. ಖರ್ಚು ಎರಡು, ಜಮಾ ನಾಲ್ಕು. ಲಾಭದ ಎರಡು ಎಲ್ಲಿಂದ ಬಂತು? ನಾಲ್ಕು ಮೆಣಸುಗಳಲ್ಲಿ ಎರಡು ನೀವೇ ಎಟಿಪಿಯಿಂದ ಹಾಕಿದ್ದು, ಅವು ವಾಪಸು ಬಂದವು. ಲಾಭವೆಂದರೆ ಆರನೇ ಹೆಜ್ಜೆಯಲ್ಲಿ ಪುಕ್ಕಟೆ ಬಂದ ಎರಡು ಮೆಣಸು, ಅಷ್ಟೇ. ಆರ್ಸೆನೇಟ್ ಆ ಫಾಸ್ಫೇಟಿನ ಜಾಗದಲ್ಲಿ ಕುಳಿತರೆ ಪ್ರತಿಕ್ರಿಯೆ ಮುಂದುವರಿದರೂ ನಿವ್ವಳ ಎಟಿಪಿ ಸೊನ್ನೆ ಏಕೆ ಎಂಬ ಪ್ರಶ್ನೆಗೆ ಮೆಣಸು ಎಣಿಸಿದವರು ಅರ್ಧ ನಿಮಿಷದಲ್ಲಿ ಉತ್ತರ ಹೇಳುತ್ತಾರೆ.

ಆಮೇಲೆ ಕೆಂಪು ಪೆನ್ನಿನಿಂದ 1, 3, 10ನೇ ಹೆಜ್ಜೆಗಳಿಗೆ ಒಂದೇ ದಿಕ್ಕಿನ ಬಾಣ ಹಾಕಿ. ಹಿಂದಕ್ಕೆ ಬರುವ ದಾರಿ, ಅಂದರೆ ಗ್ಲೂಕೋಸ್ ಹೊಸದಾಗಿ ಕಟ್ಟುವ ದಾರಿ, ಈ ಮೂರು ಕಡೆ ಮಾತ್ರ ಬೇರೆ ಕಿಣ್ವಗಳನ್ನು ಬಳಸುತ್ತದೆ. ನಿಯಂತ್ರಣವೂ ಇಲ್ಲೇ, ಮುಖ್ಯವಾಗಿ ಮೂರನೆಯದರಲ್ಲಿ.

ಪ್ರಯೋಗಾಲಯದಲ್ಲಿ ಸಕ್ಕರೆ ಪರೀಕ್ಷೆಗೆ ರಕ್ತ ತೆಗೆಯುವ ಬೂದು ಮುಚ್ಚಳದ ಕೊಳವೆ ನೋಡಿದ್ದೀರಲ್ಲ. ಅದರಲ್ಲಿರುವ ಫ್ಲೋರೈಡ್ ಒಂಬತ್ತನೇ ಹೆಜ್ಜೆಯ ಇನೊಲೇಸನ್ನು ತಡೆದು ಕೆಂಪು ರಕ್ತಕಣಗಳು ಸಕ್ಕರೆ ತಿನ್ನುವುದನ್ನು ನಿಲ್ಲಿಸುತ್ತದೆ. ಆದರೂ ಮೊದಲ ಒಂದೆರಡು ಗಂಟೆ ಸಕ್ಕರೆ ತುಸು ಇಳಿಯುತ್ತಲೇ ಇರುತ್ತದೆ. ಏಕೆಂದು ಪುಸ್ತಕ ತೆರೆಯದೆ ಯೋಚಿಸಿ. ತಡೆ ಇರುವುದು ಒಂಬತ್ತರಲ್ಲಿ, ಗ್ಲೂಕೋಸ್ ಖರ್ಚಾಗುವುದು ಒಂದರಲ್ಲಿ.

## ಹಂತ 4: ಚಕ್ರದಲ್ಲಿ ಇಂಗಾಲ ಮಾತ್ರ ಎಣಿಸಿ

ಪೈರುವೇಟ್ ಮೈಟೊಕಾಂಡ್ರಿಯಕ್ಕೆ ಹೋಗಿ ಒಂದು ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಆಗಿ ಕಳೆದುಕೊಂಡು ಎರಡು ಇಂಗಾಲದ ಅಸಿಟೈಲ್ ಕೋಎ ಆಗುತ್ತದೆ, ಒಂದು ಎನ್‌ಎಡಿಎಚ್ ಸಿಗುತ್ತದೆ. ಈ ಕೆಲಸಕ್ಕೆ ಬಿ1, ಬಿ2, ಬಿ3, ಬಿ5 ವಿಟಮಿನ್‌ಗಳೂ ಲಿಪೊಯಿಕ್ ಆಮ್ಲವೂ ಬೇಕು. ಪಾಲಿಶ್ ಅಕ್ಕಿಯೊಂದನ್ನೇ ತಿಂದು ಬಿ1 ಕೊರತೆಯಾದವರಿಗೆ ಬರುವ ಬೆರಿಬೆರಿಯನ್ನು ವಿಟಮಿನ್ ಅಧ್ಯಾಯದಲ್ಲಿ ಬೇರೆಯಾಗಿ ಉರುಹೊಡೆಯುವ ಬದಲು ಈ ಬಾಣದ ಪಕ್ಕದಲ್ಲೇ ಬರೆದಿಡಿ.

ಆ ಅಸಿಟೈಲ್ ಕೋಎಯನ್ನು ಉರಿಸುವ ಕ್ರೆಬ್ಸ್ ಚಕ್ರಕ್ಕೆ ಹೆಸರಿಲ್ಲದೆ ಅಂಕಿಗಳ ವೃತ್ತ ಬರೆಯಿರಿ: 4ಕ್ಕೆ 2 ಸೇರಿ 6, ಮತ್ತೆ 6, 5, 4, 4, 4, 4, ಮೊದಲಿನ 4. ಇಂಗಾಲ ಕಡಿಮೆಯಾದ ಎರಡು ಕಡೆ ಎನ್‌ಎಡಿಎಚ್ ಒಂದೊಂದು, ಕೊನೆಯ ಬಾಣದಲ್ಲಿ ಮೂರನೆಯದು. 5ರ ನಂತರದ ಎರಡನೇ 4, ಅಂದರೆ ಸಕ್ಸಿನೇಟ್, ಮುಂದಕ್ಕೆ ಹೋಗುವಾಗ ಎಫ್‌ಎಡಿಎಚ್2, ಅದಕ್ಕೂ ಮೊದಲು ಒಂದು ಜಿಟಿಪಿ (ಎಟಿಪಿಗೆ ಸಮನಾದ ಅಣು). ಅಂಕಿಗಳು ಕೈಗೆ ಕೂತ ಮೇಲೆ ಹೆಸರು ತುಂಬಿ.

ಒಂದು ಗ್ಲೂಕೋಸಿಗೆ ಒಟ್ಟು 10 ಎನ್‌ಎಡಿಎಚ್, 2 ಎಫ್‌ಎಡಿಎಚ್2, ನೇರವಾಗಿ ಸಿಕ್ಕ 4 ಎಟಿಪಿ (ಎರಡು ಜಿಟಿಪಿ ಸೇರಿ). ಎನ್‌ಎಡಿಎಚ್‌ಗೆ 2.5, ಎಫ್‌ಎಡಿಎಚ್2ಗೆ 1.5 ಎಟಿಪಿ ಎಂದು ಹಿಡಿದರೆ 25 + 3 + 4 = 32. ಗ್ಲೈಕೊಲಿಸಿಸ್‌ನ ಎರಡು ಎನ್‌ಎಡಿಎಚ್‌ಗಳ ಎಲೆಕ್ಟ್ರಾನ್ ಗ್ಲಿಸೆರಾಲ್ ಫಾಸ್ಫೇಟ್ ದಾರಿಯಲ್ಲಿ ಒಳಗೆ ಹೋದರೆ 30. ಹಳೆಯ ಪುಸ್ತಕಗಳ 38 ಮತ್ತು 36 ಬಂದದ್ದು 3 ಮತ್ತು 2 ಎಂದು ಹಿಡಿದದ್ದರಿಂದ. ಉತ್ತರದಲ್ಲಿ ಯಾವ ದರ ಹಿಡಿದಿರಿ ಎಂದು ಒಂದು ಸಾಲು ಬರೆಯಿರಿ, ತಿದ್ದುವವರು ಹಳಬರಾದರೂ ಹೊಸಬರಾದರೂ ಅಂಕ ಉಳಿಯುತ್ತದೆ.

ಚಕ್ರದಲ್ಲೆಲ್ಲೂ ಆಮ್ಲಜನಕ ನೇರವಾಗಿ ಬಳಕೆಯಾಗುವುದಿಲ್ಲ. ಹಾಗಿದ್ದರೂ ಆಮ್ಲಜನಕ ನಿಂತರೆ ಚಕ್ರ ನಿಲ್ಲುತ್ತದೆ, ಎನ್‌ಎಡಿಎಚ್‌ನ ಎಲೆಕ್ಟ್ರಾನನ್ನು ಕೊನೆಗೆ ತೆಗೆದುಕೊಳ್ಳುವ ಆಮ್ಲಜನಕವಿಲ್ಲದೆ ಖಾಲಿ ಎನ್‌ಎಡಿ ಮರಳಿ ಸಿಗದಿರುವುದರಿಂದ. ಈ ಎರಡು ವಾಕ್ಯಗಳಲ್ಲಿ ಒಂದನ್ನು ಮಾತ್ರ ಬರೆಯುವವರು ಬಹಳ.

## ಹಂತ 5: ಏಕಾದಶಿಯ ದಿನಚರಿ

ಬಿಡಿಬಿಡಿ ದಾರಿಗಳನ್ನು ಒಂದುಗೂಡಿಸಲು ದೊಡ್ಡ ಹಾಳೆಯಲ್ಲಿ ಯಕೃತ್ತು, ಸ್ನಾಯು, ಕೊಬ್ಬು, ಮಿದುಳು, ಕೆಂಪು ರಕ್ತಕಣ ಎಂದು ಐದು ಮನೆ ಬರೆಯಿರಿ. ದಶಮಿಯ ರಾತ್ರಿ ಎಂಟಕ್ಕೆ ಊಟ ಮಾಡಿ, ಏಕಾದಶಿಯಿಡೀ ನಿರಾಹಾರವಿದ್ದು, ದ್ವಾದಶಿ ಬೆಳಿಗ್ಗೆ ಪಾರಣೆ ಮಾಡುವ ಒಬ್ಬರನ್ನು ಊಹಿಸಿಕೊಳ್ಳಿ. (ಫಲಾಹಾರವೆಂದು ಸಬ್ಬಕ್ಕಿ ಉಪ್ಪಿಟ್ಟು, ಬಾಳೆಹಣ್ಣು ತಿಂದರೆ ಇನ್ಸುಲಿನ್ ಅದನ್ನು ಉಪವಾಸವೆಂದು ಒಪ್ಪುವುದಿಲ್ಲ.)

ಊಟದ ನಂತರ ಇನ್ಸುಲಿನ್ ಏರಿ ಯಕೃತ್ತು ಗ್ಲೈಕೊಜೆನ್ (ಗ್ಲೂಕೋಸಿನ ದಾಸ್ತಾನು) ತುಂಬಿಕೊಳ್ಳುತ್ತದೆ. ನಡುರಾತ್ರಿಯ ಹೊತ್ತಿಗೆ ಇನ್ಸುಲಿನ್‌ಗೆ ಎದುರಾಗಿ ಕೆಲಸ ಮಾಡುವ ಹಾರ್ಮೋನು ಗ್ಲೂಕಗಾನ್‌ನದು ಮೇಲುಗೈ, ಗ್ಲೈಕೊಜೆನ್ ಒಡೆದು ಸಕ್ಕರೆ ರಕ್ತಕ್ಕೆ ಬರುತ್ತದೆ. ಏಕಾದಶಿ ಹಗಲೆಲ್ಲ ಅದು ಕರಗುತ್ತಾ ಲ್ಯಾಕ್ಟೇಟ್, ಗ್ಲಿಸೆರಾಲ್, ಅಲನೀನ್‌ಗಳಿಂದ ಹೊಸ ಗ್ಲೂಕೋಸ್ ಕಟ್ಟುವ ಕೆಲಸ ಹೆಚ್ಚುತ್ತದೆ. ಒಂದು ದಿನ ದಾಟುವಷ್ಟರಲ್ಲಿ ಯಕೃತ್ತಿನ ಉಗ್ರಾಣ ಬಹುತೇಕ ಬರಿದು, ಕೊಬ್ಬಿನಾಮ್ಲಗಳೇ ಮುಖ್ಯ ಇಂಧನ, ಯಕೃತ್ತು ಅವುಗಳಿಂದ ತಯಾರಿಸುವ ಕೀಟೋನ್ ಕಾಯಗಳು ಏರತೊಡಗುತ್ತವೆ.

ಈಗ ನಾಲ್ಕು 'ಆಗದು'ಗಳನ್ನು ಹಾಳೆಯಲ್ಲಿ ತುಂಬಿ. ಸ್ನಾಯುವಿನ ಗ್ಲೈಕೊಜೆನ್ ರಕ್ತಕ್ಕೆ ಸಕ್ಕರೆಯಾಗಿ ಬರದು, ಅಲ್ಲಿ ಗ್ಲೂಕೋಸ್-6-ಫಾಸ್ಫಟೇಸ್ ಇಲ್ಲ. ಸಮಸಂಖ್ಯೆಯ ಇಂಗಾಲದ ಕೊಬ್ಬಿನಾಮ್ಲ ಗ್ಲೂಕೋಸ್ ಆಗದು, ಅಸಿಟೈಲ್ ಕೋಎಯಿಂದ ಪೈರುವೇಟ್‌ಗೆ ಹಿಂದಿರುಗುವ ದಾರಿಯಿಲ್ಲ. ಕೆಂಪು ರಕ್ತಕಣ ಕೊಬ್ಬು ಬಳಸದು, ಅದಕ್ಕೆ ಮೈಟೊಕಾಂಡ್ರಿಯವೇ ಇಲ್ಲ. ಯಕೃತ್ತು ತಾನು ತಯಾರಿಸಿದ ಕೀಟೋನ್ ಕಾಯವನ್ನು ತಾನೇ ಉರಿಸದು. 'ಆಗುತ್ತದೆ' ಎಂಬುದನ್ನು ಪುಸ್ತಕ ಸಾಕಷ್ಟು ಹೇಳುತ್ತದೆ. ಪರೀಕ್ಷಕರು ಹಿಡಿಯುವುದು 'ಆಗದು' ಎಂಬಲ್ಲಿ.

## ಹಂತ 6: ಪ್ರೋಟೀನ್ ಸಂಶ್ಲೇಷಣೆಯಲ್ಲಿ ದಿಕ್ಕು ಮೊದಲು

ಡಿಎನ್‌ಎ, ಆರ್‌ಎನ್‌ಎಯ ಪ್ರತಿ ಎಳೆಯ ಎರಡೂ ತುದಿಗೆ 5', 3' ಎಂದು ಬರೆಯದೆ ಒಂದು ಅಕ್ಷರವನ್ನೂ ಬರೆಯಬೇಡಿ. ಡಿಎನ್‌ಎಯ ಅಚ್ಚಿನ ಎಳೆಯನ್ನು 3'ನಿಂದ 5'ಗೆ ಓದಲಾಗುತ್ತದೆ, ಅದರಿಂದ ನಕಲಾಗುವ ಎಂಆರ್‌ಎನ್‌ಎ 5'ನಿಂದ 3'ಗೆ ಬೆಳೆಯುತ್ತದೆ.

ಮೂರು ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ ಎಂದು ಇದನ್ನು ಬಿಡಿಸಿ ನೋಡಿ. ಅಚ್ಚಿನ ಎಳೆ: 5' ಟಿಸಿಎ ಜಿಎಎ ಎಜಿಜಿ ಸಿಎಟಿ 3'. ಅವಸರದವರು ಎಡದಿಂದ ಜೋಡಿ ಬರೆಯುತ್ತಾ ಹೋಗಿ ಎಜಿಯು ಸಿಯುಯು ಯುಸಿಸಿ ಜಿಯುಎ ಎನ್ನುತ್ತಾರೆ. ಅದರಲ್ಲಿ ಆರಂಭದ ಗುರುತಾದ ಎಯುಜಿ ಇಲ್ಲ, ನಿಲುಗಡೆಯ ಗುರುತೂ ಇಲ್ಲ. ತಪ್ಪಿನ ಗುರುತು ಅದೇ. ಎಳೆಯನ್ನು ಬಲದಿಂದ ಓದಿ: 3' ಟಿಎಸಿ ಜಿಜಿಎ ಎಎಜಿ ಎಸಿಟಿ 5'. ಎಂಆರ್‌ಎನ್‌ಎ 5' ಎಯುಜಿ ಸಿಸಿಯು ಯುಯುಸಿ ಯುಜಿಎ 3'. ಮೆಥಿಯೊನಿನ್, ಪ್ರೊಲೀನ್, ಫಿನೈಲ್‌ಅಲನೀನ್, ನಿಲುಗಡೆ.

ಓದುವ ಚೌಕಟ್ಟು ಜಾರುವುದೆಂದರೇನು ಎಂಬುದಕ್ಕೆ ಕನ್ನಡದಲ್ಲೇ ಸಾಮಗ್ರಿ ಇದೆ. ಮೂರು ಮೂರು ಅಕ್ಷರದ ಪದಗಳ ವಾಕ್ಯ ತೆಗೆದುಕೊಳ್ಳಿ: ರಮಣ ಮರದ ಕೆಳಗೆ ಮಲಗಿ ಎದ್ದನು. 'ಮರದ'ದ ಮೊದಲ ಅಕ್ಷರ ಬಿದ್ದುಹೋಗಿ, ಓದುವವರು ಮಾತ್ರ ಮೂರು ಮೂರನ್ನೇ ಓದಿದರೆ: ರಮಣ ರದಕೆ ಳಗೆಮ ಲಗಿಎ ದ್ದನು. ಮುಂದಿನದೆಲ್ಲ ಹಾಳು. ಮೂರಕ್ಷರವೂ ಒಟ್ಟಿಗೆ ಬಿದ್ದರೆ: ರಮಣ ಕೆಳಗೆ ಮಲಗಿ ಎದ್ದನು. ಒಂದು ಪದ ಕಳೆದರೂ ವಾಕ್ಯ ನಿಂತಿದೆ. ಒಂದು ಅಕ್ಷರ ಬದಲಾದರೆ ಒಂದೇ ಪದ ಬದಲಾಗುತ್ತದೆ. ಕುಡಗೋಲು ಕಣ ರೋಗದಲ್ಲಿ ಆಗುವುದು ಅಷ್ಟೇ: ಹಿಮೊಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ ಜಿಎಜಿ ಜಿಯುಜಿ ಆಗಿ, ಆರನೇ ಜಾಗದ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲಿನ್ ಬರುತ್ತದೆ.

ಪ್ರೋಟೀನ್ ಕಟ್ಟುವ ಜಾಗವಾದ ರೈಬೊಸೋಮನ್ನು ಮೂರು ಕುರ್ಚಿಯಂತೆ ಬರೆಯಿರಿ, ಎಡದಿಂದ ಇ, ಪಿ, ಎ. ಹೊಸ ಅಮೈನೋ ಆಮ್ಲ ಹೊತ್ತ ಟಿಆರ್‌ಎನ್‌ಎ ಎ ಕುರ್ಚಿಗೆ ಬರುತ್ತದೆ. ಇಲ್ಲಿ ಬಹುತೇಕ ಚಿತ್ರಗಳು ತಪ್ಪುತ್ತವೆ: ಹೊಸ ಆಮ್ಲ ಎದ್ದುಹೋಗಿ ಪಿಯಲ್ಲಿರುವ ಸರಪಳಿಗೆ ಅಂಟುವಂತೆ ಬಾಣ ಹಾಕುತ್ತಾರೆ. ನಡೆಯುವುದು ಉಲ್ಟಾ. ಪಿಯಲ್ಲಿದ್ದ ಇಡೀ ಸರಪಳಿ ಎಯಲ್ಲಿರುವ ಹೊಸ ಆಮ್ಲದ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಎಲ್ಲರೂ ಒಂದು ಕುರ್ಚಿ ಎಡಕ್ಕೆ, ಇಯಲ್ಲಿದ್ದವರು ಹೊರಗೆ. ಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾದಲ್ಲಿ ಎ ಕುರ್ಚಿಗೆ ಯಾರೂ ಬಾರದಂತೆ ತಡೆಯುತ್ತದೆ. ಕ್ಲೋರಾಂಫೆನಿಕಾಲ್ ಸರಪಳಿ ದಾಟದಂತೆ ಮಾಡುತ್ತದೆ. ಚಿತ್ರ ಸರಿಯಿದ್ದರೆ ಔಷಧಗಳು ತಾವೇ ಬಂದು ಕೂರುತ್ತವೆ.

ಖಾತೆ ಇಲ್ಲಿಯೂ ಬೇಕು. ಒಂದು ಅಮೈನೋ ಆಮ್ಲ ಸೇರಿಸಲು ನಾಲ್ಕು ಅಧಿಕಶಕ್ತಿ ಬಂಧ ಖರ್ಚು: ಟಿಆರ್‌ಎನ್‌ಎಗೆ ಹೊರಿಸುವಾಗ ಎಟಿಪಿ ಎಎಂಪಿ (ಒಂದೇ ಫಾಸ್ಫೇಟ್ ಉಳಿದದ್ದು) ಆಗುವುದರಿಂದ ಎರಡು, ಎ ಕುರ್ಚಿಗೆ ತರುವಾಗ ಒಂದು ಜಿಟಿಪಿ, ಜರುಗುವಾಗ ಇನ್ನೊಂದು.

## ಹಂತ 7: ಖಾಲಿ ಹಾಳೆ

ಓದಿದ ಮರುದಿನ, ಮೂರನೇ ದಿನ, ವಾರದ ಮೇಲೆ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯಿರಿ. ನೀಲಿಯಲ್ಲಿ ನೆನಪಿನಿಂದ ಬಂದದ್ದು, ಪುಸ್ತಕ ನೋಡಿ ತಿದ್ದಿದ್ದು ಕೆಂಪಿನಲ್ಲಿ. ಮುಂದಿನ ಸಲ ಕೆಂಪು ಜಾಗಗಳನ್ನು ಮಾತ್ರ ಓದಿ. ಹೊಳೆಯುವ ಹೈಲೈಟರ್‌ನಿಂದ ಇಡೀ ಪುಟ ಬಳಿದವರ ಪುಸ್ತಕ ನೋಡಲು ಚೆನ್ನ, ಅಷ್ಟೇ.

ಮೂರನೇ ದಿನದ ಹಾಳೆಯಲ್ಲಿಯೂ ಅದೇ ಜಾಗ ಕೆಂಪಾದರೆ ಅದು ಮರೆವಲ್ಲ. ಅದರ ಹಿಂದಿನ ಹೆಜ್ಜೆ ಅರ್ಥವಾಗಿಲ್ಲವೆಂದು ತಿಳಿದು ಒಂದು ಹೆಜ್ಜೆ ಹಿಂದೆ ಹೋಗಿ. ಆ ವಿದ್ಯಾರ್ಥಿನಿಯ ಹಾಳೆಯಲ್ಲಿ ಆರನೇ ಹೆಜ್ಜೆ ನಾಲ್ಕು ಸಲ ಕೆಂಪಾಗಿತ್ತು. ಐದನೆಯದರಲ್ಲಿ ಎರಡೂ ತುಂಡು ಒಂದೇ ಆಗುವುದು ಅವಳಿಗೆ ಹೊಳೆದಿರಲಿಲ್ಲ. ಕಾಳು ಸರಿಸಿ ತೋರಿಸಿದ ಸಂಜೆಯ ನಂತರ ಆ ಜಾಗ ನೀಲಿಯಾಯಿತು.